ಹೆಸರು ಕೂಗಿದರೆ ‘ದುಡಿಲಾಕ ಹೋಗ್ಯಾನ್ರಿ’

ದೀಪಾವಳಿ ಮುಗಿದ ಮೇಲೆ ಚಿಂಚೋಳಿ ಸೀಮೆಯ ಯಾವುದಾದರೂ ತಾಂಡಾದ ಸಾಲಿಗೆ ಹೋಗಿ, ಹಾಜರಿ ಕೂಗುವ ಹೊತ್ತಿಗೆ ಬಾಗಿಲ ಬಳಿ ನಿಲ್ಲಬೇಕು. ಮಾಸ್ತರರು ಹೆಸರು ಹಿಡಿದು ಕೂಗುತ್ತಾರೆ. ಇದ್ದವರು ‘ಹಾಜರ್ ಸರ್’ ಎನ್ನುತ್ತಾರೆ. ಇಲ್ಲದವರ ಪರವಾಗಿ ಇಡೀ ವರ್ಗವೇ ಉತ್ತರ ಕೊಡುತ್ತದೆ. ‘ಪುಣೇಕ್ ಹೋಗ್ಯಾನ್ರಿ.’ ‘ಮುಂಬೈರಿ ಸರ್, ಅವರ ಮನ್ಯಾಗಿನವರೆಲ್ಲಾ ದುಡಿಲಾಕ ಹೋಗ್ಯಾರ.’ ‘ಅಕಿ ಹೈದರಾಬಾದ್‌ಕ ತಮ್ಮನ್ನ ಹಿಡೀಲಾಕ ಹೋಗ್ಯಾಳ್ರಿ.’ ಈ ಕೊನೆಯ ಉತ್ತರದಲ್ಲಿ ಉದ್ಯೋಗದ ವಿವರವೂ ಇದೆ. ಅವ್ವ ಇಟ್ಟಿಗೆ, ಕಾಂಕ್ರೀಟ್ ಹೊರುವಾಗ ಹಸುಗೂಸನ್ನು ಮಡಿಲಲ್ಲಿ ಹಾಕಿಕೊಂಡು ನೆರಳಿನಲ್ಲಿ ಕೂರುವುದು ಎಂಟು ವರ್ಷದ ಅಕ್ಕನ ಕೆಲಸ. ಕಿಟಕಿಯಾಚೆ ತೊಗರಿ ಹೊಲ ಹಳದಿಯಾಗಿ ಹೂ ಬಿಟ್ಟಿರುತ್ತದೆ. ಗುಡಿಸಲುಗಳ ಮುಂದೆ ಆಯಿ, ಮುತ್ಯಾ ಮಾತ್ರ ಬಿಸಿಲು ಕಾಯಿಸುತ್ತ ಕೂತಿರುತ್ತಾರೆ. ಕೆಲವು ಬಾಗಿಲಿಗೆ ಬೀಗ, ಕೆಲವಕ್ಕೆ ಬರೀ ಮುಳ್ಳಿನ ಕಂಟಿ.

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣದ ಅಂಚು ಇದು. ಚಿಂಚೋಳಿ ತೆಲಂಗಾಣದ ಗಡಿಗೆ ಒರಗಿದೆ. ಕುಂಚಾವರಂ ಕಾಡಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ಲಂಬಾಣಿ ಮೂರೂ ಒಂದೇ ಕಟ್ಟೆಯ ಮೇಲೆ ಮಾತಾಡುತ್ತವೆ. ಅಲ್ಲಿಂದ ಇಳಿದರೆ ಸೇಡಂ, ಕಾಗಿಣಾ ನದಿ, ಸಿಮೆಂಟಿನ ಚಿಮಣಿಗಳು. ಮುಂದೆ ಚಿತ್ತಾಪುರ. ಅದರ ಮಗ್ಗುಲಿಗೆ ಮುಂಬೈ, ಚೆನ್ನೈ, ಹೈದರಾಬಾದಿನ ರೈಲು ಹಳಿಗಳು ಕೂಡುವ ವಾಡಿ. ಇನ್ನೊಂದು ಮಗ್ಗುಲಿಗೆ, 2018ರಲ್ಲಿ ತಾಲ್ಲೂಕಾದ ಶಹಾಬಾದ್. ಮೇಲೆ ತೊಗರಿ, ಕೆಳಗೆ ಸುಣ್ಣದ ಕಲ್ಲು. ಎರಡೂ ದೇಶಕ್ಕೆಲ್ಲ ಹೋಗುತ್ತವೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಅದರಲ್ಲಿದ್ದವು. ಹನ್ನೊಂದು ವರ್ಷದ ನಂತರ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಸಂವಿಧಾನಕ್ಕೆ ಸೇರಿತು, ಅಭಿವೃದ್ಧಿ ಮಂಡಳಿ ಬಂತು, ಅನುದಾನ ಬಂತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕಟ್ಟಕಡೆಯದಾಗಿತ್ತು.

ಫೇಲಾದವರು ಯಾರ ಮಕ್ಕಳು ಎಂದು ಜಾತಿವಾರು ಲೆಕ್ಕ ತೆಗೆಯದೆಯೂ ಈ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಹೊಲಗೇರಿ, ಮಾದಿಗರ ಓಣಿ, ವಡ್ಡರ ಗುಡಿಸಲು, ಲಂಬಾಣಿ ತಾಂಡಾ. ಇವರ ಮಕ್ಕಳ ಅನ್ನ, ಔಷಧ, ಅಕ್ಷರಕ್ಕಾಗಿ ಗುದ್ದಾಡಿದ ಸಂಘಟನೆಗಳ ಕತೆ ಇಲ್ಲಿ ಕಣ್ಣಿಗೆ ಹೊಡೆಯುವಂಥದ್ದಲ್ಲ. ಅವು ಕಟ್ಟಿಸಿದ ಕಟ್ಟಡಗಳು ಕಡಿಮೆ, ಬರೆದ ಅರ್ಜಿಗಳು ಜಾಸ್ತಿ. ನನ್ನ ಕಣ್ಣಿಗೆ ಆ ಅರ್ಜಿಗಳೇ ದೊಡ್ಡವು.

ಶಹಾಬಾದ್ ಕಡೆಗೆ ಬನ್ನಿ. ಇಲ್ಲಿನ ನೆಲ ಅಗೆದರೆ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ. ಬೂದಿ ಬಣ್ಣ, ನೀಲಿ ಛಾಯೆ, ಅಲ್ಲಲ್ಲಿ ಹಳದಿ. ಅರ್ಧ ಕರ್ನಾಟಕದ ಹಳೆಯ ಮನೆಗಳ ಪಡಸಾಲೆ, ಬಚ್ಚಲು, ಕಟ್ಟೆ ಎಲ್ಲ ಈ ಪರಸಿ ಕಲ್ಲಿನವು. ಖಣಿಯೊಳಗೆ ಇಳಿಯುವ ದಾರಿ ಇಳಿಜಾರಾಗಿ ಬಿಳಿಯ ಹುಡಿಯಿಂದ ತುಂಬಿರುತ್ತದೆ. ಗಂಡಸರು ಉಳಿ ಹೊಡೆದು ಪದರ ಬಿಡಿಸುತ್ತಾರೆ, ಹೆಂಗಸರು ಚೂರು ಆಯ್ದು ಬುಟ್ಟಿಗೆ ತುಂಬುತ್ತಾರೆ. ಮೇಲೆ ಪಾಲಿಷ್ ಮಷೀನುಗಳ ಕಿರುಚಾಟ. ಅವುಗಳಿಂದ ಹರಿದ ಬಿಳಿಯ ರಾಡಿ ರಸ್ತೆ ಬದಿಯಲ್ಲಿ ಒಣಗಿ, ಲಾರಿ ಹೋದಾಗಲೆಲ್ಲ ಮೇಲೆದ್ದು, ಬೇವಿನ ಎಲೆಯ ಮೇಲೆ, ಅಂಗಡಿಯ ಭಜಿ ಮೇಲೆ, ಮಕ್ಕಳ ರೆಪ್ಪೆಯ ಮೇಲೆ ಕೂರುತ್ತದೆ. ವಿಟ್ರಿಫೈಡ್ ಟೈಲ್ಸು, ಗ್ರಾನೈಟು ಬಂದ ಮೇಲೆ ಪರಸಿಗೆ ಬೆಲೆ ಬಿದ್ದಿತು. ಬೆಲೆ ಬಿದ್ದಾಗ ಕೂಲಿಯೂ ಬಿದ್ದಿತು. ಕೂಲಿ ಬಿದ್ದ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನ ಕೈಯೂ ಲೆಕ್ಕಕ್ಕೆ ಬರುತ್ತದೆ.

ಬಾಲಕಾರ್ಮಿಕರ ಕಾಯ್ದೆ 1986ರದು. ಅದರ ಬೆನ್ನಿಗೆ ಬಂದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯಲ್ಲಿ ಈ ಜಿಲ್ಲೆಯೂ ಇತ್ತು. ಕೆಲಸದಿಂದ ಬಿಡಿಸಿದ ಮಕ್ಕಳಿಗೆ ವಿಶೇಷ ಶಾಲೆ ನಡೆಸಿ, ಓದು ಹತ್ತಿಸಿ, ಸರ್ಕಾರಿ ಸಾಲಿಗೆ ದಾಟಿಸುವುದು ಅದರ ಕ್ರಮ. ನಡೆಸಿದವರು ಬಹುಪಾಲು ಸ್ವಯಂಸೇವಾ ಸಂಸ್ಥೆಗಳವರು. 2021ರ ಸುಮಾರಿಗೆ ಆ ಯೋಜನೆಯನ್ನು ಸಮಗ್ರ ಶಿಕ್ಷಣದೊಳಗೆ ಕರಗಿಸಿಬಿಟ್ಟರು. ಅದಕ್ಕೂ ಮೊದಲೇ, 2016ರ ತಿದ್ದುಪಡಿ ಹದಿನಾಲ್ಕರ ಒಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿ, ಅದರ ಬೆನ್ನಿಗೇ ಸಾಲಿ ಬಿಟ್ಟ ಮೇಲೆ ಮನೆಯ ಕಸುಬಿನಲ್ಲಿ ನೆರವಾಗಬಹುದು ಎಂಬ ಕಿಂಡಿಯನ್ನೂ ಬಿಟ್ಟಿತ್ತು. ಖಣಿಯಂಥ ಅಪಾಯದ ಕೆಲಸಕ್ಕೆ ಆ ರಿಯಾಯಿತಿ ಇಲ್ಲ, ನಿಜ. ಆದರೆ ತಪಾಸಣೆಯ ಜೀಪು ಬಂದಾಗ ‘ನಮ್ಮಪ್ಪಗ ಊಟ ಕೊಡ್ಲಾಕ ಬಂದೀನ್ರಿ’ ಎನ್ನುವ ಹುಡುಗನ ಕೈಯಲ್ಲಿ ಬುತ್ತಿ ಇದ್ದೇ ಇರುತ್ತದೆ. ಬುತ್ತಿ ಹಿಡಿದ ಬೆರಳುಗಳ ಸಂದಿಯಲ್ಲಿ ಬಿಳಿಯ ಹುಡಿ ಇರುವುದನ್ನು ನೋಡಬಲ್ಲವರು ಆ ಓಣಿಯಲ್ಲೇ ಓಡಾಡುವ ಸಂಘದವರು ಮಾತ್ರ.

ಕೆಲಸ ನಿಂತು ಪಾಳುಬಿದ್ದ ಖಣಿಗಳದು ಬೇರೆಯೇ ಭಯ. ಮಳೆಗಾಲದಲ್ಲಿ ಅವು ಹಸಿರು ನೀರು ತುಂಬಿಕೊಂಡು ಕೆರೆಯಾಗುತ್ತವೆ. ದಂಡೆ ಇಲ್ಲದ ಕೆರೆ. ಬೇಲಿ ಹಾಕುವವರು ಯಾರು ಎಂಬ ಪ್ರಶ್ನೆ ಗಣಿ ಇಲಾಖೆ, ನಗರಸಭೆ, ಜಮೀನಿನ ಮಾಲೀಕ ಈ ಮೂವರ ನಡುವೆ ಸುತ್ತುತ್ತದೆ. 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಗಣಿಗಾರಿಕೆಯಿಂದ ಬಾಧಿತರಾದ ಊರುಗಳಿಗೆಂದೇ ಇರುವ ಈ ಹಣದಲ್ಲಿ ಶೇ 70ರಷ್ಟನ್ನಾದರೂ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಕ್ಕಳ ಕಲ್ಯಾಣದಂಥ ಬಾಬುಗಳಿಗೆ ಹಾಕಬೇಕೆಂದು ನಿಯಮ. ಸುಣ್ಣದ ಕಲ್ಲಿನ ಈ ಜಿಲ್ಲೆಯಲ್ಲಿ ಕೇಳಬೇಕಾದ ಹಣ ಇದು. ಕೇಳುವ ಬಾಯಿ ಸಾಲದು.

ಸೇಡಂನಲ್ಲಿ ಬೇರೆ ಹಣ ಕಾಣುತ್ತದೆ. ವಾಸವದತ್ತ, ಮಳಖೇಡದ ರಾಜಶ್ರೀ, ಈಚೆಗೆ ಶ್ರೀ ಸಿಮೆಂಟ್. ಕಂಪನಿಗಳ ಸಾಮಾಜಿಕ ಹೊಣೆಯ ಹಣದಲ್ಲಿ ಬೆಂಚು ಬಂದಿವೆ, ಶುದ್ಧ ನೀರಿನ ಯಂತ್ರ ಬಂದಿವೆ. ಬೇಡವೆನ್ನಲಾಗದು. ಕಾಂಪೌಂಡ್ ಗೋಡೆಯ ಮೇಲೆ ಸಾಲಿಯ ಹೆಸರಿಗಿಂತ ದಾನಿಯ ಹೆಸರು ದಪ್ಪಕ್ಷರದಲ್ಲಿರುವುದನ್ನು ಮಾತ್ರ ನೋಡಿಯೂ ನೋಡದಂತೆ ಹೋಗಬೇಕು. ಪಟ್ಟಣದಲ್ಲಿ ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿಯಂಥ ದೊಡ್ಡ ಸಂಸ್ಥೆಯೂ ಇದೆ. ಆದರೆ ಗುಳೆ ಹೋಗುವ ಮನೆಯ ಮಗು ಬಹಳ ಸಲ ಅಂಥ ಗೇಟಿನವರೆಗೆ ತಲುಪುವುದೇ ಇಲ್ಲ.

ಮಳಖೇಡವೆಂದರೆ ಮಾನ್ಯಖೇಟ, ನೃಪತುಂಗನ ರಾಜಧಾನಿ, ಕವಿರಾಜಮಾರ್ಗದ ಊರು. ಕಾಗಿಣಾದ ದಂಡೆಯ ಆ ಕೋಟೆಯ ಊರಿನಲ್ಲಿ 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ ನಡೆಸಿದರು. ಕಂದಾಯ ಗ್ರಾಮವಾಗದ ತಾಂಡಾ ಎಂದರೆ ಕಾಗದದ ಮೇಲೆ ಇಲ್ಲದ ಊರು. ಊರೇ ಇಲ್ಲದ ಮೇಲೆ ಅಲ್ಲಿ ಅಂಗನವಾಡಿ ಯಾಕೆ, ಬಸ್ಸು ಯಾಕೆ? ವಾಸದ ದಾಖಲೆ ಎಲ್ಲಿಂದ ತರುವುದು, ಅದಿಲ್ಲದೆ ಜಾತಿ ಪ್ರಮಾಣಪತ್ರ ಹೇಗೆ, ಅದಿಲ್ಲದೆ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಹೇಗೆ? ಮನೆಯ ಜಾಗದ ಒಂದು ಹಾಳೆ ಮಗುವಿನ ಓದಿಗೆ ಹೀಗೆ ತಳುಕು ಹಾಕಿಕೊಂಡಿದೆ. ಈ ಹಾಳೆಗಾಗಿ ಬಂಜಾರ ಸಂಘಟನೆಗಳು ವರ್ಷಗಟ್ಟಲೆ ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಸವೆಸಿದವು. ವೇದಿಕೆಯ ಮೇಲೆ ಬಂದ ಹೊತ್ತಿಗೆ ಅದು ಯಾರದೋ ಕೊಡುಗೆಯಾಗಿತ್ತು.

ಅಂಗನವಾಡಿಯ ಮಾತು ಬಂತು. ದೇಶದ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಒಂದು ಆದೇಶ ಕೊಟ್ಟಿತ್ತು: ಆರು ವರ್ಷದ ಒಳಗಿನ ನಲವತ್ತು ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಕೇರಿ, ತಾಂಡಾದವರು ಅರ್ಜಿ ಕೊಟ್ಟರೆ ಮೂರು ತಿಂಗಳೊಳಗೆ ತೆರೆಯಬೇಕು, ಪರಿಶಿಷ್ಟ ಜಾತಿ, ಪಂಗಡದ ವಸತಿಗಳಿಗೆ ಮೊದಲ ಆದ್ಯತೆ. ಪಿಯುಸಿಎಲ್ ಸಂಸ್ಥೆ 2001ರಲ್ಲಿ ಹಾಕಿದ್ದ ಆಹಾರದ ಹಕ್ಕಿನ ದಾವೆಯಲ್ಲಿ ಬಂದ ಆದೇಶಗಳಲ್ಲಿ ಇದೂ ಒಂದು. ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿರುವಾಗ ರಾಜಸ್ಥಾನದಲ್ಲಿ ಜನ ಹಸಿದಿದ್ದಾರೆ ಎಂದು ಹೂಡಿದ ಮೊಕದ್ದಮೆ ಚಿಂಚೋಳಿಯ ತಾಂಡಾದ ಕೂಸಿಗೆ ಉಪ್ಪಿಟ್ಟು ತಂದಿತು. ಆ ಆದೇಶವನ್ನು ಓದಿ, ನಲವತ್ತು ಕೂಸುಗಳ ಹೆಸರು ಬರೆದು, ಹೆಬ್ಬೆಟ್ಟು ಒತ್ತಿಸಿ ಸಿಡಿಪಿಒ ಮೇಜಿನ ಮೇಲೆ ಇಡುವವರೊಬ್ಬರು ಊರೊಳಗೆ ಬೇಕಿತ್ತು.

ಅಂಥವರನ್ನು ಹುಟ್ಟಿಸಿದ್ದರಲ್ಲಿ ಮಹಿಳಾ ಸಮಖ್ಯಾದ ಪಾಲು ದೊಡ್ಡದು. 1989ರಲ್ಲಿ ಬೀದರ್, ವಿಜಾಪುರ, ಮೈಸೂರುಗಳಲ್ಲಿ ಶುರುವಾಗಿ ಮುಂದೆ ಕಲಬುರಗಿಗೂ ಬಂದ ಈ ಕಾರ್ಯಕ್ರಮ ಸರ್ಕಾರದ್ದೇ, ಆದರೆ ನಡೆದದ್ದು ಸಂಘಟನೆಯ ರೀತಿಯಲ್ಲಿ. ದಲಿತ ಕೂಲಿ ಹೆಂಗಸರು ವಾರಕ್ಕೊಮ್ಮೆ ರಾತ್ರಿ ಕಂದೀಲಿನ ಸುತ್ತ ಕೂತು, ಸಾಲ ಉಳಿತಾಯದ ಮಾತಿಗಿಂತ ಮೊದಲು, ಮಾಸ್ತರ ಯಾಕೆ ಬರುವುದಿಲ್ಲ, ನರ್ಸಮ್ಮ ನಮ್ಮ ಓಣಿಗೆ ಯಾಕೆ ಕಾಲಿಡುವುದಿಲ್ಲ ಎಂದು ಕೇಳಲು ಕಲಿತರು. ನಡುವೆ ಓದು ಬಿಟ್ಟ ಹುಡುಗಿಯರಿಗೆ ಮಹಿಳಾ ಶಿಕ್ಷಣ ಕೇಂದ್ರಗಳಿದ್ದವು. 2004ರ ನಂತರ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ ಹಲವನ್ನು ನಡೆಸಿದವರೂ ಇವರೇ. ಸುಮಾರು 2016ಕ್ಕೆ ಕೇಂದ್ರದ ಹಣ ನಿಂತು ಕಾರ್ಯಕ್ರಮ ಮುಚ್ಚಿತು. ಕಂದೀಲಿನ ಸುತ್ತ ಕೂತ ಹೆಂಗಸರಲ್ಲಿ ಕೆಲವರು ಪಂಚಾಯಿತಿಗೆ ಆರಿಸಿ ಬಂದರು. ಆ ಖರ್ಚನ್ನು ದಂಡವೆಂದು ಹೇಳುವ ಅಧಿಕಾರಿ ಸಿಕ್ಕರೆ ಈ ಹೆಂಗಸರ ಮುಂದೆ ಕೂರಿಸಬೇಕು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಂಗನವಾಡಿಯಲ್ಲಿ ಇನ್ನೊಂದು ನೋಟ. ಟೀಚರಮ್ಮ ಮಗುವಿನ ಎಡ ತೋಳಿಗೆ ಬಣ್ಣದ ಪಟ್ಟಿಯೊಂದನ್ನು ಸುತ್ತುತ್ತಾಳೆ. 12.5 ಸೆಂಟಿಮೀಟರ್ ದಾಟಿದರೆ ಹಸಿರು, 11.5ಕ್ಕಿಂತ ಕಡಿಮೆಯಾದರೆ ಕೆಂಪು, ನಡುವಿನದು ಹಳದಿ. ಕೆಂಪು ಬಂದ ಕೂಸನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಎರಡು ವಾರ ತಾಯಿಯೂ ಜೊತೆಗಿರಬೇಕು. ‘ಎರಡ ವಾರ ಅಂದ್ರ ಮನ್ಯಾಗ ಉಳದ ಮಕ್ಕಳಿಗಿ ಯಾರ್ ನೋಡ್ತಾರ್ರಿ ಅಕ್ಕಾರ? ಕೂಲಿ?’ ಎನ್ನುತ್ತಾಳೆ ತಾಯಿ. ಕೂಲಿ ನಷ್ಟಕ್ಕೆ ಹಣ ಕೊಡುವ ಏರ್ಪಾಟಿದೆ. ಅದು ಖಾತೆಗೆ ಬರುವ ಹೊತ್ತಿಗೆ ಹೊಟ್ಟೆಯ ಲೆಕ್ಕ ಬೇರೆಯಾಗಿರುತ್ತದೆ. ಸಂಸ್ಥೆಗಳ ಕಾರ್ಯಕರ್ತೆಯರು ಇಲ್ಲಿ ಮಾಡುವ ಕೆಲಸ ವರದಿಯಲ್ಲಿ ಬರೆಯಲು ಬಾರದಂಥದ್ದು: ಅತ್ತೆಯನ್ನು ಒಪ್ಪಿಸುವುದು, ಗಂಡನಿಗೆ ಫೋನು ಹಚ್ಚುವುದು, ಆಸ್ಪತ್ರೆಯಲ್ಲಿ ‘ನೀವು ಯಾವ ಮಂದಿ’ ಎಂದು ಕೇಳುವ ಆಯಾಳ ಮುಂದೆ ಜೊತೆಗೆ ನಿಲ್ಲುವುದು. ಇದೇ ಭಾಗದ ರಾಯಚೂರಿನ ಮಕ್ಕಳ ಸಾವು ಸುದ್ದಿಯಾದ ಮೇಲೆ, 2012ರಲ್ಲಿ ಹೈಕೋರ್ಟಿನ ಸೂಚನೆಯಂತೆ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ ರಾಜ್ಯದ ಅಪೌಷ್ಟಿಕತೆಯನ್ನು ನೋಡಲು ಹೊರಟಿತು. ಅದಾದ ಎಷ್ಟೋ ವರ್ಷದ ಮೇಲೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ, ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು.

ಇನ್ನು ಅಡುಗೆ ಮನೆ. ಹನ್ನೆರಡೂವರೆಗೆ ಸಾಲಿಯ ಹಿಂಬದಿಯಿಂದ ಸಾಂಬಾರಿನ ವಾಸನೆ ಹೊರಟರೆ ಮಗ್ಗಿ ಹೇಳುತ್ತಿದ್ದ ವರ್ಗದ ದನಿ ತನ್ನಷ್ಟಕ್ಕೆ ಸಡಿಲಾಗುತ್ತದೆ. ತಟ್ಟೆಗಳ ಸದ್ದು. ಕೈ ತೊಳೆಯುವ ನಳದ ಹತ್ತಿರ ನೂಕಾಟ. ತೊಗರಿಯ ಸೀಮೆಯಾದ್ದರಿಂದ ಬೇಳೆಯ ಬಗ್ಗೆ ಮಕ್ಕಳೂ ವಿಮರ್ಶಕರು: ‘ಇವತ್ತ ಬ್ಯಾಳಿ ಇಲ್ಲ, ಬರೇ ನೀರದ’ ಎಂದು ಅಡುಗೆಯಕ್ಕನ ಮುಖದ ಮೇಲೇ ಹೇಳುತ್ತಾರೆ. ಬೇಯಿಸಿದ ಊಟವನ್ನೇ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು ಇರಬೇಕು ಎಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಹೇಳಿದ್ದು ಅದೇ ಪಿಯುಸಿಎಲ್ ದಾವೆಯಲ್ಲಿ. 2002ರ ಜೂನಿನಲ್ಲಿ ಕರ್ನಾಟಕ ‘ಅಕ್ಷರ ದಾಸೋಹ’ ಶುರುಮಾಡಿದಾಗ ಮೊದಲು ಒಲೆ ಹತ್ತಿದ್ದು ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಅದರಲ್ಲಿ ನಮ್ಮದೂ ಒಂದು. 2004ರ ಏಪ್ರಿಲಿನಲ್ಲಿ ಕೋರ್ಟು ಇನ್ನೊಂದು ಮಾತು ಸೇರಿಸಿತು: ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ.

ಈ ಎರಡನೆಯ ಮಾತು ಊರುಗಳಲ್ಲಿ ಸುಲಭಕ್ಕೆ ಇಳಿಯಲಿಲ್ಲ. ‘ಅಡಗಿ ಯಾರ್ ಮಾಡ್ತಾರ?’ ಎಂಬ ಪ್ರಶ್ನೆ ಮೊದಲ ವರ್ಷಗಳಲ್ಲಿ ಊಟದ ರುಚಿಗಿಂತ ಮೊದಲು ಬರುತ್ತಿತ್ತು. ಮಗ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದು ದೂರ ಕೂತು ಉಣ್ಣುವುದು, ಪಾಲಕರು ಟಿ.ಸಿ. ಕೇಳುವುದು, ಮುಖ್ಯಗುರುಗಳು ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಅಡುಗೆಯಾಕೆಯನ್ನು ಬರೀ ಪಾತ್ರೆ ತೊಳೆಯಲು ಹಚ್ಚುವುದು. ದಲಿತ ಸಂಘರ್ಷ ಸಮಿತಿ, ಬಿಸಿಯೂಟ ನೌಕರರ ಸಂಘಗಳು ಇಲ್ಲಿ ಹಟ ಹಿಡಿದದ್ದಕ್ಕೆ ಫಲ ಸಿಕ್ಕಿದೆ ಎಂದೇ ನನ್ನ ಎಣಿಕೆ. ಒಂದೇ ಸಾಲಿನಲ್ಲಿ ಕೂತು ಉಂಡ ಮಕ್ಕಳೀಗ ದೊಡ್ಡವರಾಗಿದ್ದಾರೆ. ಅಡುಗೆಯಕ್ಕನ ಗೌರವಧನ ಮಾತ್ರ ಇನ್ನೂ ಹೆಸರಿಗೆ ತಕ್ಕಂತೆ ಗೌರವಕ್ಕಷ್ಟೇ ಸಾಕಾಗುವಂಥದ್ದು.

ಮಕ್ಕಳ ತಟ್ಟೆಗಾಗಿ ಗುದ್ದಾಡಿದವರು ಬೇರೆ ಕಡೆಯೂ ಇದ್ದರು. ಅಮೆರಿಕದ ಓಕ್ಲ್ಯಾಂಡ್ ಊರಿನಲ್ಲಿ 1969ರ ಜನವರಿಯಲ್ಲಿ ಸೇಂಟ್ ಆಗಸ್ಟೀನ್ ಚರ್ಚಿನೊಳಗೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಸಾಲಿಗೆ ಹೋಗುವ ಕರಿಯ ಮಕ್ಕಳಿಗೆ ಬಿಟ್ಟಿ ನಾಷ್ಟಾ ಹಾಕಲು ಶುರುಮಾಡಿದರು. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ ಎಂಬಷ್ಟೇ ಅವರ ವಾದ. ಪೊಲೀಸರನ್ನು ಅವರ ಬಂದೂಕಿಗಿಂತ ಆ ತಟ್ಟೆಯೇ ಹೆಚ್ಚು ಕೆರಳಿಸಿತು ಎನ್ನುವವರಿದ್ದಾರೆ. 1975ರಲ್ಲಿ ಅಲ್ಲಿನ ಸರ್ಕಾರ ಶಾಲಾ ಉಪಾಹಾರವನ್ನು ಕಾಯಂ ಯೋಜನೆ ಮಾಡಿತು. ಪ್ಯಾಂಥರ್ ಎಂಬ ಹೆಸರು 1972ರಲ್ಲಿ ಮುಂಬೈಗೆ ಬಂದು ದಲಿತ ಪ್ಯಾಂಥರ್ ಆಯಿತು; ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಅದನ್ನು ಕಟ್ಟಿದವರು. ಅದಕ್ಕೂ ನಾಲ್ಕು ವರ್ಷ ಮೊದಲೇ ಕಲಬುರಗಿಯಲ್ಲಿ ಬಿ. ಶ್ಯಾಮಸುಂದರ್ ‘ಭೀಮಸೇನೆ’ ಕಟ್ಟಿದ್ದರು ಎಂಬುದನ್ನು ನಮ್ಮವರೇ ಮರೆತಿದ್ದಾರೆ. ಇಲ್ಲಿ ಸಂಘಟನೆಗಳು ಸ್ವತಃ ನಾಷ್ಟಾ ಹಾಕುವ ದಾರಿ ಹೆಚ್ಚು ಹಿಡಿಯಲಿಲ್ಲ. ಸರ್ಕಾರವೇ ಹಾಕಬೇಕು ಎಂದು ಕೋರ್ಟಿಗೆ ಹೋದವು, ಬೀದಿಗಿಳಿದವು. ನಿಧಾನದ ದಾರಿ ಅದು. ಆದರೆ ಸಂಸ್ಥೆ ಮುಚ್ಚಿದರೂ ಒಲೆ ಆರುವುದಿಲ್ಲ.

ಮೊಟ್ಟೆಯ ಜಗಳ ನೆನಪಿದೆಯಲ್ಲ? 2021ರ ಡಿಸೆಂಬರಿನಲ್ಲಿ ಕಲಬುರಗಿ ಸೇರಿ ಏಳು ಜಿಲ್ಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಮಠಗಳಿಂದ ಭಾರಿ ವಿರೋಧ ಬಂತು. ಬೇಡದವರಿಗೆ ಬಾಳೆಹಣ್ಣು ಇತ್ತು. ಆದರೂ ಬೇಕೆಂದವರಿಗೂ ಬೇಡ ಎನ್ನುವ ವಾದ. ‘ಆಹಾರ ನಮ್ಮ ಹಕ್ಕು’ ಎಂಬ ಒಕ್ಕೂಟದವರು, ವೈದ್ಯರು, ದಲಿತ ಸಂಘಟನೆಗಳು ಇದಿರು ನಿಂತು ಪ್ರೋಟೀನಿನ ಲೆಕ್ಕ ಇಟ್ಟರು. ಆಗ ಎಲ್ಲಕ್ಕಿಂತ ಗಟ್ಟಿಯಾಗಿ ಮಾತಾಡಿದವರು ಮಕ್ಕಳೇ; ಕೊಪ್ಪಳದ ಕಡೆಯ ಹುಡುಗಿಯೊಬ್ಬಳ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಿತು. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗದ ಮಕ್ಕಳನ್ನೂ ತೂಗಿ ನೋಡಿದಾಗ ಯಾದಗಿರಿಯವರು, ಅದರಲ್ಲೂ ಹೆಣ್ಣುಮಕ್ಕಳು, ಚೆನ್ನಾಗಿ ತೂಕ ಹಿಡಿದಿದ್ದರು. ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರದ ಆರೂ ದಿನ ಮೊಟ್ಟೆ. ಸಂತೋಷವೇ. ಮೂರು ವರ್ಷ ಕಳೆದ ಮೇಲೆ ಖಜಾನೆಯ ಹಣದಲ್ಲೇ ಮೊಟ್ಟೆ ಬರುತ್ತದೆಯೇ ಎಂದು ಈಗಿನಿಂದಲೇ ಕೇಳಿಡಬೇಕು. ಸುಲಿದ ಮೊಟ್ಟೆಗೆ ಉಪ್ಪು ಖಾರ ಹಚ್ಚಿಕೊಂಡು, ಹಳದಿಯನ್ನು ಕೊನೆಗೆ ಉಳಿಸಿಕೊಂಡು ತಿನ್ನುವ ಎರಡನೇ ವರ್ಗದ ಹುಡುಗನಿಗೆ ಈ ಯಾವ ಇತಿಹಾಸವೂ ಬೇಕಿಲ್ಲ. ಪಕ್ಕದವನ ತಟ್ಟೆಯ ಮೊಟ್ಟೆ ತನ್ನದಕ್ಕಿಂತ ದೊಡ್ಡದೇ ಎಂಬುದಷ್ಟೇ ಅವನ ಚಿಂತೆ.

ತಟ್ಟೆ ತುಂಬಿದರೂ ಮಗು ಊರಲ್ಲಿರಬೇಕಲ್ಲ. ಸತತ ಗೈರಾದ ಮಗುವನ್ನು ಶಾಲೆ ಬಿಟ್ಟವರ ಪಟ್ಟಿಗೆ ಹಾಕಲು ಕರ್ನಾಟಕದಲ್ಲಿ ಮೊದಲು 60 ದಿನ ಕಾಯುತ್ತಿದ್ದರು. ಅಷ್ಟರಲ್ಲಿ ಅಂಥ ಕೂಸು ಎರಡು ಊರು ಬದಲಿಸಿರುತ್ತಿತ್ತು. 2013ರಲ್ಲಿ ಹೈಕೋರ್ಟು ಪತ್ರಿಕಾ ವರದಿಯೊಂದನ್ನೇ ಅರ್ಜಿಯಾಗಿ ಎತ್ತಿಕೊಂಡು ಶಾಲೆಯ ಹೊರಗಿನ ಮಕ್ಕಳ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತು; ಆ ವಿಚಾರಣೆಯ ಒತ್ತಡದಲ್ಲಿ ಅವಧಿ 7 ದಿನಕ್ಕೆ ಇಳಿಯಿತು. ಏಳನೆಯ ದಿನ ಮಾಸ್ತರರು ಮನೆ ಬಾಗಿಲಿಗೆ ಹೋಗಬೇಕು. ಬೀಗ ಹಾಕಿದ ಬಾಗಿಲಿಗೆ ನೋಟಿಸು ಅಂಟಿಸಿದರೆ ಕಾಗದ ಪೂರ್ತಿಯಾಗುತ್ತದೆ, ಮಗು ಸಿಗುವುದಿಲ್ಲ. ಅದಕ್ಕೇ ಹುಟ್ಟಿದ್ದು ಋತುಮಾನದ ವಸತಿ ಶಾಲೆ, ಕೆಲಸದ ಜಾಗದಲ್ಲೇ ನಡೆಯುವ ಟೆಂಟ್ ಶಾಲೆ. ಅಪ್ಪ ಅವ್ವ ಗುಳೆ ಹೋದರೂ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ಊಟ, ಮಲಗುವ ಏರ್ಪಾಟು ಮಾಡುವುದು ಒಳ್ಳೆಯ ಯೋಚನೆ. ಆದರೆ ಅನುದಾನ ಬರುವಷ್ಟರಲ್ಲಿ ಗುಳೆಯ ಟೆಂಪೊ ಹೊರಟಿರುತ್ತದೆ. ಮಾರ್ಗದರ್ಶಿಯಂಥ ಕಲಬುರಗಿಯ ಮಕ್ಕಳ ಹಕ್ಕಿನ ಸಂಸ್ಥೆಗಳವರ ಬೇಡಿಕೆ ಸರಳ: ದಸರೆಗೇ ಬಾಗಿಲು ತೆರೆಯಿರಿ.

ತಾಂಡಾದ ಇನ್ನೊಂದು ಕತೆಯನ್ನು ಮುಚ್ಚಿಡಲಾಗದು. 1999 ಮತ್ತು 2001ರಲ್ಲಿ ಗಡಿಯಾಚೆಯ ತೆಲಂಗಾಣದ ಲಂಬಾಡಾ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಅಗ್ಗಕ್ಕೆ ಕೊಂಡು, ದತ್ತು ಹೆಸರಿನಲ್ಲಿ ವಿದೇಶಕ್ಕೆ ಕಳಿಸುತ್ತಿದ್ದ ಜಾಲ ಬಯಲಾಯಿತು. ರುಕ್ಮಿಣಿ ರಾವ್ ಅವರ ‘ಗ್ರಾಮ್ಯ’ ಸಂಸ್ಥೆ ಅದರ ವಿರುದ್ಧ ನಿಂತಿತು. ಆಮೇಲಿನ ವರ್ಷಗಳಲ್ಲಿ ಚಿಂಚೋಳಿಯ ತಾಂಡಾಗಳ ಹೆಸರೂ ಇಂಥದೇ ಸುದ್ದಿಯಲ್ಲಿ ಬಂತು. ಸುದ್ದಿ ಬಂದಾಗಲೆಲ್ಲ ತಾಯಿಯನ್ನು ಕಟುಕಿ ಎನ್ನುವ ಬರಹಗಳು ಬಂದವು. ಮೂರೋ ನಾಲ್ಕೋ ಹೆಣ್ಣಾದ ಮೇಲೂ ಗಂಡಿಗಾಗಿ ಕಾಯುವ ಮನೆ, ದುಡಿಮೆಗೆ ಹೋಗಲಾಗದ ಬಾಣಂತಿ, ವರದಕ್ಷಿಣೆಯ ಭಯ, ಇವೆಲ್ಲವನ್ನೂ ತಿಳಿದು ಬಂದ ದಲ್ಲಾಳಿ: ಇದರಲ್ಲಿ ಕಡಿಮೆ ಬಾಯಿ ಇದ್ದವಳು ತಾಯಿಯೇ. ಸಂಘಟನೆಗಳು ಆಗ ಮಾಡಿದ್ದು ಕಾವಲು: ಬಸುರಿಯರ ಪಟ್ಟಿ, ಹೆರಿಗೆಯಾದ ಮೇಲೆ ಮನೆಭೇಟಿ, ಜನನ ನೋಂದಣಿ. ಹೆಸರು ದಾಖಲೆಯಲ್ಲಿ ಕೂತ ಕೂಸನ್ನು ಮಾಯ ಮಾಡುವುದು ಕಷ್ಟ.

ಚಿತ್ತಾಪುರದ ಪಕ್ಕ ನಾಗಾವಿ ಇದೆ. ಹನ್ನೊಂದನೇ ಶತಮಾನದ ಘಟಿಕಾಸ್ಥಾನ. ನೂರಾರು ವಿದ್ಯಾರ್ಥಿಗಳು, ಗ್ರಂಥಭಂಡಾರಕ್ಕೆ ಆರು ಮಂದಿ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆ. ಕಂಬಗಳ ಆ ಸಾಲಿನ ನಡುವೆ ಆಡು ಮೇಯಿಸಲು ಬರುವ ಹುಡುಗರಿಗೆ ಅದು ನೆರಳಿನ ಜಾಗ. ಅವರ ಮುತ್ತಜ್ಜಂದಿರಿಗೆ ಆ ಭಂಡಾರದ ಬಾಗಿಲು ತೆರೆದಿತ್ತೆಂದು ಯಾವ ಶಾಸನವೂ ಹೇಳುವುದಿಲ್ಲ. ಈ ಸೀಮೆಯ ಕೇರಿಗಳಿಗೆ ಓದಿನ ಬಾಗಿಲು ತೆರೆದದ್ದು ನಿಜಾಮನ ಕಾಲದ ಕೊನೆಗೆ, ದಲಿತ ನಾಯಕರು ಹಟ ಹಿಡಿದು ಪರಿಶಿಷ್ಟರ ಶಿಕ್ಷಣಕ್ಕೆಂದು ನಿಧಿ ಇಡಿಸಿಕೊಂಡಾಗ. ಅದರಿಂದ ಸಾಲ ಪಡೆದು ಅಂಬೇಡ್ಕರ್ ಔರಂಗಾಬಾದಿನಲ್ಲಿ 1950ರಲ್ಲಿ ಕಾಲೇಜು ತೆರೆದರು. ಈಗ ಚಿತ್ತಾಪುರದ ಸುತ್ತ ಮೊರಾರ್ಜಿ, ಅಂಬೇಡ್ಕರ್ ವಸತಿ ಶಾಲೆಗಳಿವೆ, ಪಂಚಾಯಿತಿಗೊಂದು ಅರಿವು ಕೇಂದ್ರ, 2023ರಿಂದ ಉದ್ಯೋಗ ಖಾತ್ರಿ ಕೂಲಿಕಾರರ ಶಿಶುಗಳಿಗೆ ‘ಕೂಸಿನ ಮನೆ’. ಕೂಸಿನ ಮನೆ ಸರಿಯಾಗಿ ನಡೆದಲ್ಲಿ ಎಂಟು ವರ್ಷದ ಅಕ್ಕ ಸಾಲಿಗೆ ವಾಪಸ್ಸಾಗುತ್ತಾಳೆ. ಇಷ್ಟು ಕಡಿಮೆ ಹಣದಲ್ಲಿ ಇಷ್ಟು ನೇರವಾಗಿ ಹೆಣ್ಣುಮಗುವಿನ ಓದಿಗೆ ತಾಗುವ ಯೋಜನೆ ನನಗೆ ಬೇರೆ ಕಂಡಿಲ್ಲ.

ವಾಡಿಯಲ್ಲಿ ರೈಲು ನಿಂತರೆ ಪ್ಲಾಟ್‌ಫಾರಂ ಮೇಲೆ ಸಂಸಾರಗಳೇ ಇಳಿಯುತ್ತವೆ, ಏರುತ್ತವೆ: ಗೋಣಿಚೀಲ, ಅಲ್ಯೂಮಿನಿಯಂ ಗುಂಡಿ, ಕೋಳಿ, ಮಡಿಚಿದ ತಾಡಪಾಲು, ಮಗುವಿನ ಸೊಂಟದ ಉಡದಾರ. ಮೂಲೆಯಲ್ಲಿ ಒಬ್ಬನೇ ಕೂತ ಹುಡುಗ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಹೋಗುತ್ತದೆ. ಮೊದಲು ಇದನ್ನು ಎತ್ತುತ್ತಿದ್ದವರು ಸ್ವಯಂಸೇವಾ ಸಂಸ್ಥೆಯವರು. 2023ರಿಂದ ಸಹಾಯವಾಣಿ ಪೂರ್ತಿ ಸರ್ಕಾರದ್ದಾಗಿದೆ. ನಿಲ್ದಾಣದ ಹೊರಗೆ ವಿದ್ಯಾರ್ಥಿ ಸಂಘಟನೆ ಎಐಡಿಎಸ್‌ಒದ ಹುಡುಗರು, ಹುಡುಗಿಯರು ಸರ್ಕಾರಿ ಶಾಲೆ ಮುಚ್ಚಬೇಡಿ ಎಂದು ಸಹಿ ಸಂಗ್ರಹಿಸುತ್ತ ನಿಂತಿರುವುದು ವಾಡಿ, ಶಹಾಬಾದಿನವರಿಗೆ ಹಳೆಯ ನೋಟ. ಮಕ್ಕಳು ಕಡಿಮೆ ಎಂದು ಶಾಲೆಗಳನ್ನು ಕೂಡಿಸುವಾಗ ಎಣಿಕೆ ನಡೆದದ್ದು ಗುಳೆಯ ತಿಂಗಳಲ್ಲೋ ಅಲ್ಲವೋ ಎಂದು ಕೇಳುವವರು ಇವರೇ.

ವರ್ಷಕ್ಕೊಮ್ಮೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ. ಮಕ್ಕಳ ಹಕ್ಕಿನ ಸಂಘಟನೆಗಳ ಒತ್ತಾಯಕ್ಕೆ 2006ರಲ್ಲಿ ಕರ್ನಾಟಕ ಇದನ್ನು ಕಡ್ಡಾಯ ಮಾಡಿತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸ್ವಾಗತ ಗೀತೆ, ಎರಡು ಭಾಷಣ. ಬಿಸ್ಕಿಟ್ ಹಂಚಿ ಮುಗಿಸುವ ಪಂಚಾಯಿತಿಗಳೇ ಹೆಚ್ಚು. ಸಂಸ್ಥೆಯವರು ಮೊದಲೇ ಮಕ್ಕಳ ಜೊತೆ ಕೂತು ತಯಾರಿ ಮಾಡಿಸಿದ ಊರುಗಳಲ್ಲಿ ಮಾತ್ರ ಸಭೆ ಸ್ವಲ್ಪ ದಾರಿ ತಪ್ಪುತ್ತದೆ. ತಾಂಡಾದ ಹುಡುಗಿ ಮೈಕು ಹಿಡಿದು ನಿಲ್ಲುತ್ತಾಳೆ. ಹೈಸ್ಕೂಲಿಗೆ ಹೋಗುವ ಬಸ್ಸು ಹತ್ತೂವರೆಗೆ ಬರುತ್ತದೆ, ಮೊದಲ ಪಿರಿಯಡ್ ಹೋಗುತ್ತದೆ, ಬಾಗಿಲಿಲ್ಲದ ಶೌಚಾಲಯಕ್ಕೆ ನಾವು ಹೋಗುವುದಿಲ್ಲ, ಏಳನೇ ವರ್ಗದ ಒಬ್ಬಾಕೆಗೆ ಲಗ್ನ ಗೊತ್ತು ಮಾಡಿದ್ದಾರೆ, ಹೆಸರು ಆಮೇಲೆ ಹೇಳುತ್ತೇನೆ. ಪಿಡಿಒ ಬರೆದುಕೊಳ್ಳುತ್ತಾರೆ. ‘ಆಯ್ತವ್ವಾ, ಮಾಡ್ತೀವಿ, ಕೂಡು.’

ಅವಳು ಕೂರುವುದಿಲ್ಲ. ‘ಸರ್, ಹ್ವಾದ ವರ್ಷದ ನಡಾವಳಿ ಮೊದಲ ಓದ್ರಿ. ಬಸ್ಸಿಂದು ಆಗೂ ಬರಕೊಂಡೀರಿ.’ ಅಧ್ಯಕ್ಷೆ ಪಿಡಿಒ ಕಡೆ ನೋಡುತ್ತಾರೆ, ಪಿಡಿಒ ಕ್ಲರ್ಕಿನ ಕಡೆ. ನಡಾವಳಿ ಪುಸ್ತಕ ಆಫೀಸಿನ ಕಪಾಟಿನೊಳಗಿದೆ, ಕಪಾಟಿನ ಕೀಲಿ ಬಿಲ್ ಕಲೆಕ್ಟರ್ ಹತ್ತಿರ, ಬಿಲ್ ಕಲೆಕ್ಟರ್ ಸೇಡಂಗೆ ಹೋಗಿದ್ದಾನೆ. ‘ಫೋನ್ ಹಚ್ರಿ ಅವನಿಗಿ’ ಎನ್ನುತ್ತಾರೆ ಅಧ್ಯಕ್ಷೆ. ಹಿಂದಿನ ಸಾಲಿನಲ್ಲಿ ಕೂತ ಅಡುಗೆಯಕ್ಕ, ಬಿಸ್ಕಿಟ್ ಪೊಟ್ಟಣಗಳನ್ನು ಬಿಚ್ಚಲು ಹೊರಟವಳು, ಇನ್ನೂ ಹೊತ್ತಿದೆ ಎಂದು ಮತ್ತೆ ಕೂರುತ್ತಾಳೆ.